ಹಿಚ್‌ಗೆ ಸೈಕಲ್ ರ್ಯಾಕ್ ಹಾಕುವ ಮೊದಲು: ಎಲ್ಲೆಲ್ಲಿ ಎಷ್ಟು ಜಾಗ ಬಿಡಬೇಕು, ಅಳೆಯುವುದು ಹೇಗೆ

ಪಿನ್ ತೂತಿನಿಂದ ಬಂಪರ್ ತುದಿಗೆ ಎಷ್ಟು ಇಂಚು?

ಸೈಕಲ್ ರ್ಯಾಕ್ ಬಗ್ಗೆ ಯಾರು ಕೇಳಿದರೂ ನಾನು ಮೊದಲು ಕೇಳುವ ಪ್ರಶ್ನೆ ಇದು. ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ನನಗೂ ಗೊತ್ತಿರಲಿಲ್ಲ. ನಮ್ಮ ಮಿನಿವ್ಯಾನ್‌ಗೆ ಹಿಚ್ (ಕಾರಿನ ಹಿಂಬದಿಯಲ್ಲಿ, ಬಂಪರಿನ ಕೆಳಗೆ ಕೂರಿಸುವ ಕಬ್ಬಿಣದ ಕಟ್ಟು; ರ್ಯಾಕನ್ನು ಅದರ ಬಾಯಿಗೆ ತೂರಿಸಿ ಪಿನ್ ಹಾಕುತ್ತಾರೆ) ಹಾಕಿಸಿ, ರ್ಯಾಕ್ ತರಿಸಿ, ಅರ್ಧ ದಿನ ಕೂತು ಜೋಡಿಸಿ, ಮಡಚಿ ಮೇಲೆತ್ತಿ ನಿಲ್ಲಿಸಿದೆ. ನೋಡಲು ಎಲ್ಲ ಸರಿಯಾಗಿಯೇ ಇತ್ತು. ಅಷ್ಟರಲ್ಲಿ ಮಗಳು ಒಳಗಿನಿಂದ ಡಿಕ್ಕಿಯ ಬಟನ್ ಒತ್ತಿದಳು. ಬಾಗಿಲು ಒಂದು ಗೇಣು ಎದ್ದು, ರ್ಯಾಕ್‌ನ ಕಬ್ಬಿಣಕ್ಕೆ ಕರ್ ಎಂದು ಉಜ್ಜಿ ನಿಂತಿತು. ನಂಬರ್ ಪ್ಲೇಟ್‌ಗಿಂತ ಸ್ವಲ್ಪ ಮೇಲೆ, ಹೆಬ್ಬೆರಳಿನಷ್ಟು ಉದ್ದ ಬಣ್ಣ ಕಿತ್ತುಬಂದ ಗುರುತು ಇವತ್ತಿಗೂ ಇದೆ. ಅಂಗಡಿಯವರ ‘ನಿಮ್ಮ ಕಾರಿಗೆ ಹೊಂದುತ್ತದೆ’ ಪಟ್ಟಿಯಲ್ಲಿ ನಮ್ಮ ಗಾಡಿಯ ಹೆಸರು ಇತ್ತು. ಆದರೆ ರ್ಯಾಕ್ ಹಿಚ್‌ನೊಳಗೆ ಕೂರುತ್ತದೆ ಎಂಬುದನ್ನಷ್ಟೇ ಆ ಪಟ್ಟಿ ಹೇಳಿತ್ತು. ಕೂತ ಮೇಲೆ ಯಾವುದಕ್ಕೆ ತಗಲುತ್ತದೆ ಎಂಬುದನ್ನು ನಾವೇ ನೋಡಿಕೊಳ್ಳಬೇಕು.

ಇದನ್ನು ಬರೆಯುತ್ತಿರುವುದು ಅಮೆರಿಕದಲ್ಲಿರುವ ನಮ್ಮವರಿಗೆ. ಊರಲ್ಲಿ ಹಿಚ್ ಇರುವ ಕಾರು ಅಪರೂಪ. ಅಲ್ಲಿ ಟಾಪ್ ಕ್ಯಾರಿಯರ್ ಮೇಲೆ ಸೈಕಲ್ ಮಲಗಿಸಿ ಹಗ್ಗ ಬಿಗಿದರೆ ಆಯಿತು. ಇಲ್ಲಿ ಮಕ್ಕಳ ಸೈಕಲ್ಲು, ನಮ್ಮ ಸೈಕಲ್ಲು ಎಲ್ಲ ಕಟ್ಟಿಕೊಂಡು ಟ್ರೇಲ್‌ಗೆ ಹೋಗಬೇಕಾದರೆ ಹಿಚ್ ರ್ಯಾಕ್‌ನಷ್ಟು ಸುಲಭ ಬೇರೊಂದಿಲ್ಲ. ಇಲ್ಲಿನ ತಯಾರಕರೆಲ್ಲ ಇಂಚಿನಲ್ಲೇ ಅಳತೆ ಕೊಡುತ್ತಾರೆ. ಹಾಗಾಗಿ ನಾನೂ ಇಂಚಿನಲ್ಲೇ ಹೇಳುತ್ತೇನೆ.

ಬೇಕಾದ ಸಾಮಾನು

ಒಂದು ಅಳತೆ ಟೇಪು. ನೆಲಕ್ಕೆ ಅಂಟಿಸಲು ಮಾಸ್ಕಿಂಗ್ ಟೇಪು, ಪೆನ್ನು. ಒಂದು ದಾರ, ಅದರ ತುದಿಗೆ ಕಟ್ಟಲು ಭಾರದ ನಟ್ಟು. ಗಾರೆ ಮೇಸ್ತ್ರಿಗಳ ಕೈಲಿರುವ ತೂಗುಗುಂಡನ್ನು ನೋಡಿದ್ದೀರಲ್ವಾ, ಇದೂ ಅದೇ. ಒಂದು ದೊಡ್ಡ ರಟ್ಟಿನ ಡಬ್ಬ, ಉದ್ದದ ನೇರವಾದ ಕೋಲು, ಫೋನು. ಹಿಡಿದುಕೊಳ್ಳಲು ಇನ್ನೊಬ್ಬರು. ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ.

ರಿಸೀವರ್ ಎಷ್ಟು ದೊಡ್ಡದು, ಎಷ್ಟು ಭಾರ ಹೊರುತ್ತದೆ

ಬಂಪರಿನ ಕೆಳಗೆ ಚೌಕದ ಬಾಯಿ ಕಾಣುತ್ತದಲ್ಲ, ಅದೇ ರಿಸೀವರ್. ಬಾಯಿಯ ಒಳಗಿನ ಅಗಲ ಅಳೆಯಿರಿ. ಕಾರುಗಳಲ್ಲಿ ಸಾಮಾನ್ಯವಾಗಿ ಇರುವುದು ಎರಡೇ ಅಳತೆ: ಒಂದೂಕಾಲು ಇಂಚು ಅಥವಾ 2 ಇಂಚು. ಒಂದೂಕಾಲು ಇಂಚಿನದಕ್ಕೆ ಅರ್ಧ ಇಂಚು ದಪ್ಪದ ಪಿನ್, 2 ಇಂಚಿನದಕ್ಕೆ 5/8 ಇಂಚಿನ ಪಿನ್. ಹಿಚ್ ಇನ್ನೂ ಹಾಕಿಸಿಲ್ಲ, ಎರಡೂ ಅಳತೆಯಲ್ಲಿ ಸಿಗುತ್ತದೆ ಎಂದಾದರೆ 2 ಇಂಚಿನದನ್ನೇ ಹಾಕಿಸಿ. ಅದರಲ್ಲಿ ಅಲುಗಾಟ ಕಡಿಮೆ, ರ್ಯಾಕ್‌ಗಳ ಆಯ್ಕೆಯೂ ಜಾಸ್ತಿ.

ಒಂದೂಕಾಲು ಇಂಚಿನ ಬಾಯಿಗೆ 2 ಇಂಚಿನ ರ್ಯಾಕ್ ಹಾಕಲು ಅಡಾಪ್ಟರ್ ಸಿಗುತ್ತದೆ. ಅದು ರ್ಯಾಕನ್ನು ಕೆಲವು ಇಂಚು ಹಿಂದಕ್ಕೆ ತಳ್ಳುತ್ತದೆ. ಜಾಗ ಸಿಕ್ಕಿತು ಅಂತ ಖುಷಿಪಡುವ ಮೊದಲು ಎರಡು ವಿಷಯ ನೋಡಿ. ಹಿಂದಕ್ಕೆ ಹೋದಷ್ಟೂ ಹಿಚ್ ಮೇಲೆ ಬೀಳುವ ಒತ್ತಡ ಹೆಚ್ಚುತ್ತದೆ. ಕೊಡವನ್ನು ಸೊಂಟದಲ್ಲಿಟ್ಟು ಹೊರುವುದಕ್ಕೂ ಕೈ ಚಾಚಿ ಹಿಡಿಯುವುದಕ್ಕೂ ಇರುವ ವ್ಯತ್ಯಾಸವೇ ಇದು. ಉದ್ದ ಹೆಚ್ಚಿಸುವ ಎಕ್ಸ್‌ಟೆನ್ಷನ್ ಹಾಕಿದರೆ ಹಿಚ್‌ನ ತೂಕದ ಮಿತಿಯನ್ನು ಅರ್ಧ ಎಂದೇ ಲೆಕ್ಕ ಹಿಡಿಯಬೇಕು. ಎರಡನೆಯದು, ಕೆಲವು ತಯಾರಕರು ತಮ್ಮ ರ್ಯಾಕ್‌ಗೆ ಅಡಾಪ್ಟರ್ ಹಾಕಲೇಬಾರದು ಎಂದು ಕೈಪಿಡಿಯಲ್ಲೇ ಬರೆದಿರುತ್ತಾರೆ.

ತೂಕದ ಲೆಕ್ಕ ಸುಲಭ. ರ್ಯಾಕ್‌ನ ತೂಕಕ್ಕೆ ಸೈಕಲ್‌ಗಳ ತೂಕ ಕೂಡಿಸಿ. 50 ಪೌಂಡಿನ ರ್ಯಾಕ್, 35 ಪೌಂಡಿನ ಸೈಕಲ್, 60 ಪೌಂಡಿನ ಇ-ಬೈಕ್ ಅಂದರೆ 145 ಪೌಂಡ್ ಆಯಿತು. ಹಿಚ್ ಮೇಲೆ ಅಂಟಿಸಿದ ಚೀಟಿಯಲ್ಲಿ ‘ಟಂಗ್ ವೇಟ್’ (ಹಿಚ್ ತನ್ನ ಮೇಲೆ ಹೊರಬಲ್ಲ ಭಾರ) ಎಂದು ಒಂದು ಸಂಖ್ಯೆ ಇರುತ್ತದೆ. ಕಾರಿನ ಪುಸ್ತಕದಲ್ಲೂ ಒಂದಿರುತ್ತದೆ. ಎರಡರಲ್ಲಿ ಯಾವುದು ಚಿಕ್ಕದೋ ಅದೇ ನಿಮ್ಮ ಮಿತಿ. ರ್ಯಾಕ್‌ಗೂ ಒಂದೊಂದು ಸೈಕಲ್‌ಗೆ ಇಷ್ಟೇ ತೂಕ ಎಂಬ ಮಿತಿ ಇರುತ್ತದೆ, ಅದನ್ನು ಮರೆಯಬೇಡಿ. ಇ-ಬೈಕ್‌ನ ಬ್ಯಾಟರಿ ಬಿಚ್ಚಿ ಕಾರೊಳಗಿಟ್ಟರೆ ಭಾರ ಇಳಿಯುತ್ತದೆ.

ಪಿನ್ ತೂತೇ ಸೊನ್ನೆ

ರಿಸೀವರ್‌ನ ಪಕ್ಕದಲ್ಲಿ ಪಿನ್ ಹೋಗುವ ದುಂಡನೆಯ ತೂತಿದೆ. ಎಲ್ಲ ಅಳತೆಗೂ ಇದರ ನಡುಭಾಗವೇ ಸೊನ್ನೆ. ಯಾಕೆಂದರೆ ರ್ಯಾಕ್‌ನಲ್ಲೂ ಅದೇ ತೂತಿದೆ, ಎರಡೂ ಒಂದರ ಮೇಲೊಂದು ಕೂತು ಪಿನ್ ಒಳಗೆ ಹೋಗುತ್ತದೆ. ರಿಸೀವರ್‌ನ ಬಾಯಿಯಿಂದ ಅಳೆದರೆ ತಪ್ಪಾಗುತ್ತದೆ. ಕೆಲವು ಕಾರಲ್ಲಿ ಬಾಯಿ ಬಂಪರಿನ ಒಳಗೆ ಅಡಗಿರುತ್ತದೆ, ಕೆಲವದರಲ್ಲಿ ಹೊರಗೆ ಇಣುಕುತ್ತದೆ. ಟೆಸ್ಲಾ ಮಾಡೆಲ್ ವೈ ಥರದ ಗಾಡಿಯಲ್ಲಿ ಬಾಯಿ ಕಾಣಬೇಕಾದರೆ ಕೆಳಗಿನ ಮುಚ್ಚಳವನ್ನೇ ತೆಗೆಯಬೇಕು.

ಇಲ್ಲೊಂದು ತೊಡಕಿದೆ. ಪಿನ್ ತೂತು ಬಂಪರಿನ ಕೆಳಗೆ, ಒಳಗಡೆ ಇರುತ್ತದೆ. ಬಂಪರ್ ತುದಿ ಅದಕ್ಕಿಂತ ಮೇಲೆ, ಹೊರಗಡೆ. ಟೇಪನ್ನು ಅಲ್ಲಿಂದ ಇಲ್ಲಿಗೆ ಓರೆಯಾಗಿ ಹಿಡಿದರೆ ಅಳತೆ ಸುಳ್ಳು ಹೇಳುತ್ತದೆ. ಅದಕ್ಕೇ ದಾರ ಮತ್ತು ನಟ್ಟು. ಪಿನ್ ತೂತಿನ ನಡುವಿನಿಂದ ದಾರ ಇಳಿಬಿಡಿ. ನಟ್ಟು ಓಲಾಡುವುದು ನಿಲ್ಲಲಿ. ಅದು ತೋರಿಸುವ ಜಾಗಕ್ಕೆ ಮಾಸ್ಕಿಂಗ್ ಟೇಪು ಅಂಟಿಸಿ ಒಂದು ಗೆರೆ ಎಳೆಯಿರಿ. ಆಮೇಲೆ ಬಂಪರ್ ಎಲ್ಲಿ ಅತಿ ಹೆಚ್ಚು ಹೊರಗೆ ಚಾಚಿದೆಯೋ ಅಲ್ಲಿಂದ ದಾರ ಬಿಟ್ಟು ಇನ್ನೊಂದು ಗೆರೆ. ಈಗ ನೆಲದ ಮೇಲೆ ಎರಡು ಗೆರೆಗಳ ನಡುವೆ ಅಳೆಯಿರಿ. ನಮ್ಮ ಗಾಡಿಗೆ 5 ಇಂಚು ಬಂತು.

ಜೊತೆಗೆ ನೆಲದಿಂದ ರಿಸೀವರ್ ಬಾಯಿಯ ಮೇಲಂಚಿಗೆ ಎಷ್ಟು ಎತ್ತರ ಎಂಬುದನ್ನೂ ಬರೆದಿಟ್ಟುಕೊಳ್ಳಿ.

ಈಗ ರ್ಯಾಕ್ ಮಾರುವವರ ಮಾಹಿತಿಯಲ್ಲಿ ಎರಡು ಸಂಖ್ಯೆ ಹುಡುಕಿ. ಮಡಚಿ ಮೇಲೆತ್ತಿದಾಗ ಪಿನ್ ತೂತಿನಿಂದ ರ್ಯಾಕ್‌ನ ಅತಿ ಹತ್ತಿರದ ಭಾಗಕ್ಕೆ ಎಷ್ಟು ಇಂಚು ಎಂಬುದು ಒಂದು. ಬಿಡಿಸಿದಾಗ ಪಿನ್ ತೂತಿನಿಂದ ಮೊದಲ ಸೈಕಲ್ ನಿಲ್ಲುವ ಟ್ರೇಯ ನಡುವಿಗೆ ಎಷ್ಟು ಎಂಬುದು ಇನ್ನೊಂದು. ಬರೆದಿಲ್ಲದಿದ್ದರೆ ಕೇಳಿ. ಹಳೆಯ ರ್ಯಾಕ್ ಕೊಳ್ಳುವವರು ಮಾರುವವರ ಮನೆಗೇ ಟೇಪು ತಗೊಂಡು ಹೋಗಿ ಅಳೆಯಬಹುದು, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಮಡಚಿದಾಗಿನ ಸಂಖ್ಯೆಯಿಂದ ನಿಮ್ಮ ಬಂಪರ್ ಅಳತೆ ಕಳೆಯಿರಿ. ನಾನು ತಂದ ರ್ಯಾಕ್‌ಗೆ 8 ಇಂಚು. ಎಂಟರಲ್ಲಿ ಐದು ಹೋದರೆ ಉಳಿದದ್ದು 3. ಕನಿಷ್ಠ 2 ಇಂಚು ಉಳಿಯಲೇಬೇಕು ಎಂಬುದು ನನ್ನ ಲೆಕ್ಕ. ಹಳ್ಳ ದಿಣ್ಣೆಯಲ್ಲಿ ರ್ಯಾಕ್ ಅಲುಗುತ್ತದೆ, ಮೇಲ್ತುದಿಯಂತೂ ಇನ್ನೂ ಜಾಸ್ತಿ ತೂಗಾಡುತ್ತದೆ. ಸೊನ್ನೆ ಅಥವಾ ಅರ್ಧ ಇಂಚು ಬಂದರೆ ಆ ರ್ಯಾಕ್ ಬಿಟ್ಟುಬಿಡಿ. ಹಿಂಬಾಗಿಲ ಮೇಲೆ ಸ್ಟೆಪ್ನಿ ಹೊತ್ತ ಜೀಪ್ ರ್‍ಯಾಂಗ್ಲರ್ ಇದ್ದವರು ಬಂಪರಿನ ಬದಲು ಸ್ಟೆಪ್ನಿಯ ಹೊರತುದಿಯಿಂದ ದಾರ ಬಿಡಬೇಕು.

ಡಿಕ್ಕಿ ಬಾಗಿಲು

ನಾನು ಎಡವಿದ್ದು ಇಲ್ಲಿಯೇ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಎಸ್‌ಯುವಿ, ಮಿನಿವ್ಯಾನ್‌ಗಳ ಹಿಂಬಾಗಿಲಿಗೆ ಕೀಲು ಇರುವುದು ಚಾವಣಿಯ ಅಂಚಿನಲ್ಲಿ. ಬಾಗಿಲು ನೇರ ಮೇಲಕ್ಕೆ ಹೋಗುತ್ತದೆ ಅಂತ ನಮಗೆ ಅನಿಸುತ್ತದೆ. ನಿಜವಾಗಿ ಅದರ ಕೆಳಅಂಚು ಮೊದಲು ಹಿಂದಕ್ಕೆ ಬರುತ್ತದೆ, ಬರುತ್ತಾ ಏರುತ್ತದೆ. ಬಾಗಿಲು ಉದ್ದವಾದಷ್ಟೂ ಈ ಕಮಾನು ದೊಡ್ಡದು. ಮಿನಿವ್ಯಾನ್‌ಗಳಲ್ಲಿ ಅತಿ ದೊಡ್ಡದು. ಅದಕ್ಕೇ ಬಂಪರಿನಿಂದ 3 ಇಂಚು ದೂರ ನಿಂತಿದ್ದ ರ್ಯಾಕ್ ಕೂಡ ನನ್ನ ಬಾಗಿಲಿಗೆ ಸಿಕ್ಕಿತು. ಬಂಪರ್ ಲೆಕ್ಕ ಸರಿಯಿತ್ತು, ಬಾಗಿಲ ಲೆಕ್ಕವನ್ನು ನಾನು ಮಾಡಿಯೇ ಇರಲಿಲ್ಲ.

ಬಾಗಿಲ ಕೆಳಅಂಚಿನ ನಡುವೆ ದಾರದ ತುದಿಯನ್ನು ಟೇಪಿನಿಂದ ಅಂಟಿಸಿ, ನಟ್ಟು ನೆಲದ ಹತ್ತಿರ ತೂಗಾಡಲಿ. ಬಾಗಿಲನ್ನು ಕೈಯಲ್ಲೇ, ನಿಧಾನವಾಗಿ, ಅರ್ಧ ಅಡಿ ಏರಿಸಿ ನಿಲ್ಲಿಸಿ. ನಟ್ಟು ತೋರಿಸುವ ಜಾಗ ಪಿನ್ ಗೆರೆಯಿಂದ ಎಷ್ಟು ದೂರ, ಅಂಚು ನೆಲದಿಂದ ಎಷ್ಟು ಎತ್ತರ, ಎರಡನ್ನೂ ಬರೆಯಿರಿ. ಇನ್ನರ್ಧ ಅಡಿ ಏರಿಸಿ, ಮತ್ತೆ ಬರೆಯಿರಿ. ಮಡಚಿದ ರ್ಯಾಕ್‌ನ ತುದಿ ಎಷ್ಟು ಎತ್ತರಕ್ಕೆ ಬರುತ್ತದೋ ಅಲ್ಲಿಯವರೆಗೆ ಹೀಗೆ ಮಾಡಿದರೆ ಸಾಕು. ನಾಲ್ಕೈದು ಜೋಡಿ ಸಂಖ್ಯೆ ಸಿಗುತ್ತವೆ. ಅದೇ ನಿಮ್ಮ ಬಾಗಿಲ ದಾರಿ.

ಇನ್ನೂ ಸುಲಭದ ದಾರಿ ಬೇಕೇ? ರಟ್ಟಿನ ಡಬ್ಬ ಬಿಚ್ಚಿ, ಮಡಚಿದ ರ್ಯಾಕ್‌ನಷ್ಟೇ ಎತ್ತರದ ಹಲಗೆ ಕತ್ತರಿಸಿ. ಪಿನ್ ಗೆರೆಯಿಂದ ರ್ಯಾಕ್ ಎಷ್ಟು ದೂರ ನಿಲ್ಲುತ್ತದೋ ಅಲ್ಲಿ ಇನ್ನೊಬ್ಬರು ಅದನ್ನು ನೆಟ್ಟಗೆ ಹಿಡಿದುಕೊಳ್ಳಲಿ. ನೀವು ಬಾಗಿಲು ಎತ್ತಿ. ರಟ್ಟಿಗೆ ಹೊಡೆದರೆ ಬಣ್ಣ ಹೋಗುವುದಿಲ್ಲ.

ಹೆಚ್ಚಿನ ಗಾಡಿಗಳಲ್ಲಿ, ಎತ್ತರದ ಟ್ರೇ ರ್ಯಾಕ್ ಮಡಚಿ ನಿಂತಿದ್ದಾಗ ಡಿಕ್ಕಿ ಪೂರ್ತಿ ತೆರೆಯದು. ಇದನ್ನು ಒಪ್ಪಿಕೊಂಡುಬಿಡಿ. ನೋಡಬೇಕಾದ್ದು ಬೇರೆ ಎರಡು ಸ್ಥಿತಿ. ಒಂದು, ಖಾಲಿ ರ್ಯಾಕನ್ನು ಕೆಳಗಿಳಿಸಿದಾಗ ಬಾಗಿಲು ತೆರೆಯುತ್ತದೆಯೇ? ಎರಡು, ಸೈಕಲ್‌ಗಳನ್ನು ಹೇರಿ, ರ್ಯಾಕನ್ನು ಹಿಂದಕ್ಕೆ ಬಾಗಿಸಿದಾಗ ತೆರೆಯುತ್ತದೆಯೇ? ದಾರಿಯಲ್ಲಿ ಮಕ್ಕಳಿಗೆ ಹಸಿವಾದಾಗ ಬುತ್ತಿ ಡಿಕ್ಕಿಯಲ್ಲಿದ್ದರೆ ಈ ಎರಡನೆಯದರ ಬೆಲೆ ಗೊತ್ತಾಗುತ್ತದೆ. ಬಾಗಿಸಿದಾಗ ಮೊದಲ ಸೈಕಲ್‌ನ ಹ್ಯಾಂಡಲ್ ಬಾಗಿಲಿಗೆ ಅತಿ ಹತ್ತಿರ ಇರುತ್ತದೆ, ಅದರ ಮೇಲೆ ಕಣ್ಣಿಡಿ. ಎಲ್ಲ ರ್ಯಾಕ್‌ಗಳೂ ಬಾಗುವುದಿಲ್ಲ, ಕೊಳ್ಳುವಾಗ ಕೇಳಿ. ಬಾಗಿಸುವಾಗ ಭಾರ ಕೈಗೆ ಬರುತ್ತದೆ, ಇ-ಬೈಕ್ ಇದ್ದರೆ ಇಬ್ಬರು ಹಿಡಿಯಿರಿ. ಡಿಕ್ಕಿಯನ್ನು ದಿನವೂ ಬಳಸುವವರು ಪಕ್ಕಕ್ಕೆ ತೆರೆದುಕೊಳ್ಳುವ ರ್ಯಾಕ್ ನೋಡಬಹುದು. ರಾಕಿಮೌಂಟ್ಸ್‌ನ ಬ್ಯಾಕ್‌ಸ್ಟೇಜ್ ಹಾಗೆ ಗೇಟಿನಂತೆ ಸರಿಯುತ್ತದೆ. ಅಂಥವು ಭಾರ, ದುಬಾರಿ. ಆದರೂ ಮಿನಿವ್ಯಾನ್‌ಗೆ ಅದೇ ಸರಿ ಎಂದು ನನಗೆ ಈಗ ಅನಿಸುತ್ತದೆ.

ಬಟನ್ ಒತ್ತಿದರೆ ತಾನೇ ತೆರೆಯುವ ಡಿಕ್ಕಿ ಇದ್ದರೆ, ರ್ಯಾಕ್ ಹಾಕಿದ ದಿನವೇ ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ಬಂದ್ ಮಾಡಿ. ಬಂಪರ್ ಕೆಳಗೆ ಕಾಲಾಡಿಸಿದರೆ ತೆರೆಯುವ ಸೆನ್ಸರ್ ಇದ್ದರೆ ಅದನ್ನೂ. ರ್ಯಾಕ್ ಬಿಗಿಯಲು ಬಗ್ಗಿದಾಗ ಕಾಲು ಅಲ್ಲಿಗೇ ಹೋಗುವುದು.

ಹ್ಯಾಂಡಲ್ಲು, ಪೆಡಲ್ಲು, ಹಿಂಗಾಜು

ಖಾಲಿ ರ್ಯಾಕ್‌ಗೆ ಜಾಗ ಇದೆ ಎಂದರೆ ಸೈಕಲ್‌ಗೂ ಇದೆ ಎಂದು ತಿಳಿಯಬೇಡಿ. ಈಗಿನ ಮೌಂಟನ್ ಸೈಕಲ್‌ಗಳ ಹ್ಯಾಂಡಲ್ 78ರಿಂದ 80 ಸೆಂಟಿಮೀಟರ್ ಅಗಲ. ಅದರ ಅರ್ಧ, ಅಂದರೆ ಸುಮಾರು 16 ಇಂಚು, ಕಾರಿನ ಕಡೆಗೆ ಚಾಚಿರುತ್ತದೆ. ರೋಡ್ ಸೈಕಲ್‌ನ ಬಾಗಿದ ಹ್ಯಾಂಡಲ್ ಆದರೆ ಅರ್ಧಕ್ಕೆ 8 ಇಂಚು, ಅಷ್ಟೇ.

ನಮ್ಮ ಗಾಡಿಯ ಲೆಕ್ಕ ನೋಡಿ. ಪಿನ್‌ನಿಂದ ಮೊದಲ ಟ್ರೇಯ ನಡುವಿಗೆ 17 ಇಂಚು. ಬಂಪರಿನ 5 ಕಳೆದರೆ 12. ಹ್ಯಾಂಡಲ್ ಇರುವ ಎತ್ತರದಲ್ಲಿ ಹಿಂಗಾಜು ಬಂಪರ್ ತುದಿಗಿಂತ 6 ಇಂಚು ಒಳಗಿದೆ, ಅಂದರೆ ಅಲ್ಲಿ ಸಿಗುವ ಜಾಗ 18. ಅದರಲ್ಲಿ 16 ಇಂಚು ಹ್ಯಾಂಡಲ್ಲಿಗೇ ಹೋಯಿತು. ಉಳಿದದ್ದು 2. ಗಾಜಿನ ಪಕ್ಕದಲ್ಲಿ ನನಗೆ ಅಷ್ಟು ಧೈರ್ಯ ಬರಲಿಲ್ಲ. ಅಗಲ ಹ್ಯಾಂಡಲ್ಲಿನ ಸೈಕಲ್ಲನ್ನು ಎರಡನೇ ಟ್ರೇಗೆ ಹಾಕಿ, ಮಗಳ ಸೈಕಲ್ಲನ್ನು ಮೊದಲನೆಯದಕ್ಕೆ ತಂದೆ. ಸಾಮಾನ್ಯವಾಗಿ ಭಾರದ ಸೈಕಲ್ ಕಾರಿನ ಹತ್ತಿರ ಇರಬೇಕು, ಅದು ಸರಿಯಾದ ನಿಯಮ. ಆದರೆ ಗಾಜಿಗೆ ತಗಲುವಂತಿದ್ದರೆ ಜಾಗವೇ ಮೊದಲು, ತೂಕದ ಮಿತಿಯೊಳಗಿದ್ದರೆ ಸಾಕು.

ಪೆಡಲ್ ವಿಷಯ ಬಹಳ ಜನ ಮರೆಯುತ್ತಾರೆ. ಸೈಕಲ್‌ನ ನಡುಗೆರೆಯಿಂದ ಪೆಡಲ್‌ನ ಹೊರಅಂಚಿಗೆ ಸುಮಾರು 8 ಇಂಚು. ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ಹೇಗೆ ತಿರುಗಿಸಿದರೂ ಒಂದು ಪೆಡಲ್ ಕಾರಿನ ಕಡೆಗೇ ಇರುತ್ತದೆ. ತಿರುಗಿಸಿದರೆ ಬದಲಾಗುವುದು ಅದರ ಎತ್ತರ ಮಾತ್ರ. ಹಾಗಾಗಿ ಆ ಪೆಡಲ್ ಬಂಪರಿಗೆ ನೇರ ಬರದ ಹಾಗೆ, ಬಂಪರಿಗಿಂತ ಮೇಲೆ ಅಥವಾ ಕೆಳಗೆ ನಿಲ್ಲುವಂತೆ ತಿರುಗಿಸಿ, ಕ್ರ್ಯಾಂಕನ್ನು ಒಂದು ವೆಲ್ಕ್ರೋ ಪಟ್ಟಿಯಿಂದ ಫ್ರೇಮಿಗೆ ಕಟ್ಟಿ. ಕಟ್ಟದಿದ್ದರೆ ದಾರಿಯಲ್ಲಿ ತಾನೇ ಸುತ್ತಿ ಬಂಪರಿಗೆ ಬಡಿಯಬಹುದು.

ಎರಡು ಸೈಕಲ್‌ಗಳ ನಡುವೆ ಒಂದರ ಹ್ಯಾಂಡಲ್ ಇನ್ನೊಂದರ ಸೀಟಿಗೆ ತಗಲುವುದು ಮಾಮೂಲು. ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಮುಖ ಮಾಡಿ ನಿಲ್ಲಿಸಿ. ಆಗಲೂ ತಗಲಿದರೆ ಸೀಟನ್ನು ಇಳಿಸಿ.

ನೆಲದಿಂದ ಎತ್ತರ

ರ್ಯಾಕ್ ಬಿಡಿಸಿದಾಗ ಕಾರಿಗೆ ಉದ್ದನೆಯ ಬಾಲ ಬಂದಂತೆ. ಸಮತಟ್ಟು ರಸ್ತೆಯಲ್ಲಿ ಏನೂ ಆಗುವುದಿಲ್ಲ. ಡ್ರೈವ್‌ವೇ ಹತ್ತುವಾಗ ಹಿಂಚಕ್ರ ರಸ್ತೆಯಂಚಿನ ಕಾಲುವೆಯ ತಗ್ಗಿನಲ್ಲಿರುತ್ತದೆ, ಕಾರಿನ ಮೂತಿ ಮೇಲೆದ್ದಿರುತ್ತದೆ. ಬಾಲ ಹೋಗಿ ರಸ್ತೆಗೆ ಕೆರೆಯುವುದು ಆಗಲೇ.

ಉದ್ದದ ಕೋಲಿನ ಒಂದು ತುದಿಯನ್ನು ಹಿಂಚಕ್ರ ನೆಲ ಮುಟ್ಟುವ ಜಾಗದಲ್ಲಿಡಿ. ಇನ್ನೊಂದು ತುದಿಯನ್ನು ರ್ಯಾಕ್‌ನ ಕೊನೆಯ ಕೆಳಭಾಗಕ್ಕೆ ತಾಗಿಸಿ. ಕೋಲಿನ ಮೇಲೆ ಫೋನಿಟ್ಟು, ಅದರ ಲೆವೆಲ್ ಆ್ಯಪ್‌ನಲ್ಲಿ ಡಿಗ್ರಿ ನೋಡಿ. ರ್ಯಾಕ್ ಇನ್ನೂ ಕೊಂಡಿಲ್ಲದಿದ್ದರೆ ಅದರ ಉದ್ದ, ಎತ್ತರಕ್ಕೆ ತಕ್ಕಂತೆ ಡಬ್ಬವನ್ನಿಟ್ಟು ನೋಡಿ. ನಮಗೆ ಖಾಲಿ ಗಾಡಿಯಲ್ಲಿ 11 ಡಿಗ್ರಿ ಬಂತು. ಐದು ಜನ ಕೂತು, ಸಾಮಾನು ತುಂಬಿ, ಸೈಕಲ್ ಹೇರಿದಾಗ ಹಿಂಭಾಗ 2 ಇಂಚು ಕೂತಿತು. ಆಗ 9 ಡಿಗ್ರಿ. ಈಗ ಅದೇ ಫೋನನ್ನು ಕೋಲಿನ ಮೇಲಿಟ್ಟು ಡ್ರೈವ್‌ವೇ ಅಳೆದೆ: 7. ರಸ್ತೆ ಎದುರು ದಿಕ್ಕಿಗೆ ಏರುತ್ತದೆ, ಅದು 3. ಎರಡೂ ಕೂಡಿದರೆ 10. ಖಾಲಿ ಗಾಡಿ ದಾಟುತ್ತದೆ, ತುಂಬಿದ ಗಾಡಿ ಕೆರೆಯುತ್ತದೆ. ನಿಜವಾಗಿಯೂ ಹಾಗೇ ಆಗುತ್ತದೆ. ಹಾಗಾಗಿ ಪ್ರಯಾಣದ ದಿನ ನಾವು ಸೈಕಲ್‌ಗಳನ್ನು ರಸ್ತೆಬದಿಯಲ್ಲೇ ಹತ್ತಿಸಿ ಇಳಿಸುತ್ತೇವೆ. ಒಂದೆರಡು ಡಿಗ್ರಿ ಮಾತ್ರ ಕಡಿಮೆ ಬಿದ್ದರೆ ಓರೆಯಾಗಿ, ಒಂದೊಂದೇ ಚಕ್ರ ಹತ್ತುವಂತೆ, ತೆವಳಿಕೊಂಡು ಹೋಗಿ ನೋಡಬಹುದು. ಸೈಕಲ್ ಇಲ್ಲದಾಗ ರ್ಯಾಕನ್ನು ಯಾವಾಗಲೂ ಮಡಚಿಯೇ ಓಡಿಸಿ.

ಸೈಲೆನ್ಸರ್ ಬಿಸಿ

ಇದು ಇಂಚಿನ ಲೆಕ್ಕದಲ್ಲಿ ಕಾಣುವುದಿಲ್ಲ, ಆದರೆ ಸೈಕಲ್ ಟೈರನ್ನೇ ಕರಗಿಸಬಲ್ಲದು. ಸೈಕಲ್‌ನ ಎರಡು ಚಕ್ರಗಳ ನಡುವಿನ ಅಂತರ ಒಂದು ಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಕಾರಿನ ಸೈಲೆನ್ಸರ್ ಬಾಯಿ ಇರುವುದೂ ಹೆಚ್ಚು ಕಡಿಮೆ ಅಲ್ಲಿಯೇ, ಎಡಕ್ಕೋ ಬಲಕ್ಕೋ. ಹಾಗಾಗಿ ಮೊದಲ ಸೈಕಲ್‌ನ ಒಂದು ಚಕ್ರ ನೇರ ಹೊಗೆಯ ದಾರಿಯಲ್ಲೇ ನಿಲ್ಲಬಹುದು. ಕಾರ್ಬನ್ ರಿಮ್ ಇದ್ದರಂತೂ ಅದರ ಅಂಟು ಬಿಸಿಗೆ ಮೆತ್ತಗಾಗಿ ರಿಮ್ಮೇ ಹಾಳಾಗುತ್ತದೆ. ಸೈಕಲ್ ಹೇರಿ, ಗಾಡಿ ಹೊರಗೆ ನಿಲ್ಲಿಸಿ (ಗರಾಜಿನೊಳಗೆ ಎಂಜಿನ್ ಓಡಿಸಬೇಡಿ, ಆ ಹೊಗೆ ಪ್ರಾಣ ತೆಗೆಯುತ್ತದೆ) ಹತ್ತು ನಿಮಿಷ ಎಂಜಿನ್ ಓಡಲಿ. ಆಮೇಲೆ ಕೊಳವೆ ಮುಟ್ಟದೆ, ಟೈರ್ ಪಕ್ಕದಲ್ಲಿ ಅಂಗೈ ಹಿಡಿದು ನೋಡಿ. ಕೈ ಹಿಡಿಯಲಾಗದಷ್ಟು ಬಿಸಿ ಬಡಿದರೆ ಟ್ರೇಯನ್ನು ಪಕ್ಕಕ್ಕೆ ಸರಿಸಿ, ಇಲ್ಲವೇ ಆ ಸೈಕಲ್ಲನ್ನು ಹಿಂದಿನ ಟ್ರೇಗೆ ಹಾಕಿ. ಹೊಗೆಯನ್ನು ನೆಲದ ಕಡೆ ತಿರುಗಿಸುವ ಮೂತಿಯೂ ಸಿಗುತ್ತದೆ. ನಿಂತಾಗ ಸರಿಯಿದ್ದರೂ, ಏರುದಾರಿಯಲ್ಲಿ ಎಂಜಿನ್ ದುಡಿಯುವಾಗ ಬಿಸಿ ಇನ್ನೂ ಹೆಚ್ಚು. ಮೊದಲ ಪ್ರಯಾಣದಲ್ಲಿ ಅರ್ಧ ದಾರಿಗೆ ನಿಲ್ಲಿಸಿ ಟೈರ್ ಮುಟ್ಟಿ ನೋಡಿ. ಎಲೆಕ್ಟ್ರಿಕ್ ಕಾರಿನವರಿಗೆ ಈ ತಲೆನೋವಿಲ್ಲ.

ಉಳಿದ ಸಣ್ಣಪುಟ್ಟವು

ಹತ್ತು ಹೆಜ್ಜೆ ಹಿಂದೆ ನಿಂತು ಬ್ರೇಕ್ ದೀಪ, ಇಂಡಿಕೇಟರ್, ನಂಬರ್ ಪ್ಲೇಟ್ ಕಾಣುತ್ತವೆಯೇ ನೋಡಿ. ಪ್ಲೇಟ್ ಮುಚ್ಚುವ ಬಗ್ಗೆ ಒಂದೊಂದು ರಾಜ್ಯದಲ್ಲಿ ಒಂದೊಂದು ಕಾನೂನು, ನಿಮ್ಮಲ್ಲಿ ಹೇಗೆಂದು ಮೊದಲೇ ತಿಳಿದುಕೊಳ್ಳಿ. ರಿವರ್ಸ್ ಹಾಕಿದರೆ ಸೆನ್ಸರ್ ಕಿರುಚುತ್ತದೆ, ಕೆಲವು ಕಾರು ತಾನೇ ಬ್ರೇಕ್ ಹಾಕಿಬಿಡುತ್ತದೆ. ಅದನ್ನು ಬಂದ್ ಮಾಡುವ ಬಗೆ ಕಲಿತಿಟ್ಟುಕೊಳ್ಳಿ, ರ್ಯಾಕ್ ತೆಗೆದ ಮೇಲೆ ಮತ್ತೆ ಚಾಲೂ ಮಾಡಿ. ಗರಾಜಿನಲ್ಲಿ ಮಡಚಿದ ರ್ಯಾಕ್ ಸಮೇತ ಗಾಡಿ ನಿಲ್ಲುತ್ತದೆಯೇ? ಬಾಗಿಲು ಇಳಿಯುವ ಗೆರೆಗೆ ನೆಲದ ಮೇಲೆ ಟೇಪು ಅಂಟಿಸಿ ಅಳೆಯಿರಿ.

ಚಪಾತಿ ಹಿಟ್ಟಿನ ಪರೀಕ್ಷೆ

ರ್ಯಾಕ್ ಹಾಕಿ, ಪಿನ್ ತೂರಿಸಿ, ಅಲುಗಾಟ ತಡೆಯುವ ಬೋಲ್ಟನ್ನು ಕೈಪಿಡಿಯಲ್ಲಿ ಹೇಳಿದಷ್ಟು ಬಿಗಿ ಮಾಡಿ. ತುದಿ ಹಿಡಿದು ಜೋರಾಗಿ ಅಲ್ಲಾಡಿಸಿ. ರ್ಯಾಕ್ ಜೊತೆ ಇಡೀ ಕಾರು ಅಲುಗಬೇಕು. ರ್ಯಾಕ್ ಮಾತ್ರ ಅಲುಗಿದರೆ ಇನ್ನೂ ಬಿಗಿಯಬೇಕು. ಹತ್ತು ಮೈಲಿ ಓಡಿಸಿದ ಮೇಲೆ ಇನ್ನೊಮ್ಮೆ ಬಿಗಿಯಿರಿ, ಮೊದಲ ಸಲ ಅದು ಸ್ವಲ್ಪ ಸಡಿಲವಾಗುವುದುಂಟು.

ಗಾಡಿ ಓಡುವಾಗ ಸಂದಿಯಲ್ಲಿ ಏನಾಗುತ್ತಿದೆ ಎಂದು ಇಣುಕಿ ನೋಡಲಾಗುವುದಿಲ್ಲ. ನಾನು ಮಾಡುವುದು ಹೀಗೆ. ಗಟ್ಟಿಯಾಗಿ ಕಲಸಿದ ಚಪಾತಿ ಹಿಟ್ಟಿನಲ್ಲಿ ಒಂದೊಂದು ಇಂಚು ದಪ್ಪದ ಉಂಡೆ ಮಾಡಿ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಅನುಮಾನ ಇರುವ ಕಡೆಗಳಲ್ಲಿ ಟೇಪಿನಿಂದ ಅಂಟಿಸುತ್ತೇನೆ. ಬಂಪರಿನ ಎದುರು ಒಂದು, ಪೆಡಲ್ ಎದುರು ಒಂದು, ಗಾಜಿನ ಬಳಿಯ ಹ್ಯಾಂಡಲ್ ತುದಿಗೆ ಒಂದು. ಆಮೇಲೆ ಸೈಕಲ್ ಹೇರಿಕೊಂಡು ಮನೆ ಸುತ್ತಮುತ್ತ ಅರ್ಧ ಗಂಟೆ, ಬೇಕೆಂದೇ ಸ್ಪೀಡ್ ಬ್ರೇಕರ್ ಇರುವ ರಸ್ತೆಯಲ್ಲಿ. ವಾಪಸ್ ಬಂದು ಉಂಡೆ ನೋಡಿ. ದುಂಡಗೇ ಇದ್ದರೆ ಅಲ್ಲಿ ಏನೂ ಹತ್ತಿರ ಬಂದಿಲ್ಲ. ಚಪ್ಪಟೆಯಾಗಿದ್ದರೆ ಉಳಿದ ದಪ್ಪ ಅಳೆಯಿರಿ. ಅತಿ ಹತ್ತಿರ ಬಂದಾಗ ಅಷ್ಟೇ ಸಂದಿ ಉಳಿದಿತ್ತು ಎಂದು ಅರ್ಥ. ನಮ್ಮ ಪೆಡಲ್ ಎದುರಿನ ಉಂಡೆ ಮೊದಲ ಸಲ ಕಾಲು ಇಂಚಿಗೆ ಇಳಿದಿತ್ತು. ಕ್ರ್ಯಾಂಕ್ ಕಟ್ಟಿದ್ದ ಪಟ್ಟಿ ಸಡಿಲವಾಗಿತ್ತು. ಬಿಗಿ ಮಾಡಿ ಹೊಸ ಉಂಡೆ ಅಂಟಿಸಿ ಮತ್ತೊಂದು ಸುತ್ತು ಹೋಗಿ ಬಂದೆ. ಈ ಸಲ ಅದು ಹೇಗಿತ್ತೋ ಹಾಗೇ ದುಂಡಗಿತ್ತು.